ಬುಟ್ಟಿಯಲ್ಲೂ ಉಸಿರಾಡುವ ತರಕಾರಿ

ಗಿಡದಿಂದ ಕಿತ್ತ ಕೂಡಲೇ ತರಕಾರಿ ಸಾಯುವುದಿಲ್ಲ. ಬುಟ್ಟಿಯಲ್ಲಿ, ಚೀಲದಲ್ಲಿ, ಅಡುಗೆಮನೆಯ ಮೂಲೆಯಲ್ಲಿ ಬಿದ್ದುಕೊಂಡೇ ಅದು ಉಸಿರಾಡುತ್ತಿರುತ್ತದೆ. ಆಮ್ಲಜನಕ ಎಳೆದುಕೊಳ್ಳುತ್ತದೆ, ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನು ಕರಗಿಸುತ್ತದೆ, ಇಂಗಾಲದ ಡೈಆಕ್ಸೈಡನ್ನೂ ಶಾಖವನ್ನೂ ಹೊರಗೆ ಬಿಡುತ್ತದೆ. ಬೇರಿನ ಸಂಬಂಧ ಕಡಿದುಹೋಗಿರುವುದರಿಂದ ಖರ್ಚಾದದ್ದನ್ನು ತುಂಬಿಕೊಡಲು ಯಾರೂ ಇಲ್ಲ. ಬಿಗಿಯಾಗಿ ಕಟ್ಟಿ ರಾಶಿ ಹಾಕಿದ ಸೊಪ್ಪಿನ ನಡುವೆ ಕೈ ತೂರಿಸಿದರೆ ಬೆಚ್ಚಗಿರುತ್ತದಲ್ಲ, ಆ ಬಿಸಿ ಬಿಸಿಲಿನದಷ್ಟೇ ಅಲ್ಲ, ಸೊಪ್ಪಿನದೂ ಹೌದು.

ರೈತರ ಸಂತೆಯನ್ನು ಹೊಗಳಿ ಬರೆಯುವವರು ಸಾಮಾನ್ಯವಾಗಿ ಬಣ್ಣಗಳ ಬಗ್ಗೆ, ಮಣ್ಣಿನ ವಾಸನೆಯ ಬಗ್ಗೆ, ಬೆಳೆದವರ ನಗುಮುಖದ ಬಗ್ಗೆ ಬರೆಯುತ್ತಾರೆ. ಅವೆಲ್ಲ ನನಗೂ ಇಷ್ಟವೇ. ಆದರೆ ಒಲೆಯ ಮುಂದೆ ನಿಂತಾಗ ಆ ನಗುಮುಖ ಯಾವ ಕೆಲಸಕ್ಕೂ ಬರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಒಂದೇ: ಕೊಯ್ಲಾಗಿ ಎಷ್ಟು ಹೊತ್ತಾಯಿತು? ಸಂತೆಯಿಂದ ನಾವು ನಿಜವಾಗಿ ಕೊಂಡು ತರುವುದು ಈ ಹೊತ್ತನ್ನು. ತಂದ ಮೇಲೆ ಅದನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದೇ ಋತುಮಾನದ ಅಡುಗೆ ಎಂದು ನನಗೆ ಅನ್ನಿಸಿದೆ.

ಉಸಿರಾಟದ ವೇಗ ಎಲ್ಲ ತರಕಾರಿಗೂ ಒಂದೇ ಅಲ್ಲ. ಹಸಿ ಬಟಾಣಿ, ಸಿಹಿ ಮೆಕ್ಕೆಜೋಳ, ಅಣಬೆ, ಬ್ರೊಕೊಲಿ, ಎಳೆ ಪಾಲಕ್ ಇವೆಲ್ಲ ಏದುಸಿರು ಬಿಡುವ ಜಾತಿ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಸೇಬು ನಿಧಾನಸ್ಥರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಳೆಯುತ್ತಿರುವ ಎಳೆಯ ಭಾಗಗಳನ್ನು ಕಿತ್ತರೆ ಅವು ಅವಸರದಲ್ಲೇ ಇರುತ್ತವೆ. ಮುಂದಿನ ಋತುವಿಗಾಗಿ ನಿದ್ದೆ ಹೋಗಲು ಸಿದ್ಧವಾದ ಗಡ್ಡೆಗಳಿಗೆ ಅಂಥ ಆತುರವಿಲ್ಲ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಬೆಳಿಗ್ಗೆ ಕೊಂಡ ಬಟಾಣಿಯನ್ನು ಬಿಸಿಲಲ್ಲಿ ನಿಂತ ವಾಹನದೊಳಗೆ ಬಿಟ್ಟು ಇನ್ನೆರಡು ಕೆಲಸ ಮುಗಿಸಿ ಬರುವವರು ಮನೆಗೆ ತರುವುದು ಬೇರೆಯೇ ಬಟಾಣಿಯನ್ನು.

ಮೆಕ್ಕೆಜೋಳದ ಕಥೆ ಎಲ್ಲಕ್ಕಿಂತ ನಾಟಕೀಯ. ಹಳೆಯ ಬಗೆಯ ಸಿಹಿಜೋಳವನ್ನು ಕಿತ್ತು ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ಒಂದೇ ದಿನದಲ್ಲಿ ಸಕ್ಕರೆಯ ಸುಮಾರು ಅರ್ಧದಷ್ಟು ಹೋಗಿಬಿಡುತ್ತದೆ, ಅದರ ಬಹುಭಾಗ ಪಿಷ್ಟವಾಗಿ ಬದಲಾಗುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಇಟ್ಟರೆ ನಷ್ಟ ಬಹಳ ಕಡಿಮೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಜಾನ್ ಲಾಫ್ನನ್ ಅವರು ಒಣಗಿದಾಗ ಸುಕ್ಕುಗಟ್ಟುವ ಒಂದು ಜೋಳದ ಬಗೆಯಲ್ಲಿ ಸಕ್ಕರೆ ಅಸಾಧಾರಣವಾಗಿ ಹೆಚ್ಚಿರುವುದನ್ನು ಗುರುತಿಸಿ 1953ರಲ್ಲಿ ಪ್ರಕಟಿಸಿದರು. ಇಂದು ಎಲ್ಲೆಡೆ ಸಿಗುವ ಅತಿ ಸಿಹಿಯ ಜೋಳದ ತಳಿಗಳಲ್ಲಿ ಬಹಳಷ್ಟು ಈ ಗುಣದಿಂದಲೇ ಬಂದವು. ಅವುಗಳಲ್ಲಿ ಸಿಹಿ ಹಲವು ದಿನ ಉಳಿಯುತ್ತದೆ. ಸಾಗಣೆಯ ಸಮಸ್ಯೆ ಬಗೆಹರಿಯಿತು, ಸರಿ. ಆದರೆ ಹಳೆಯ ಜೋಳವನ್ನು ಕಚ್ಚಿದಾಗ ಸಿಗುವ ಕೆನೆಯಂಥ ಮೃದುತನ ಇವುಗಳಲ್ಲಿ ಇಲ್ಲ. ನೀರು ತುಂಬಿದ ಸಿಹಿ ಮಾತ್ರ. ಸಂತೆಯಲ್ಲಿ ಹಳೆಯ ಬಗೆ ಅಪರೂಪಕ್ಕೆ ಕಂಡರೆ ನಾನು ಆ ದಿನದ ಯೋಜನೆಯನ್ನೆಲ್ಲ ಬದಿಗಿಟ್ಟು ಅದನ್ನು ಕೊಳ್ಳುತ್ತೇನೆ, ಮತ್ತು ಅಂದೇ ಬೇಯಿಸುತ್ತೇನೆ. ಬೇಯಿಸುವುದೆಂದರೆ ಕುದಿಯುವ ನೀರಿನಲ್ಲಿ ಮೂರು ನಾಲ್ಕು ನಿಮಿಷ, ಅಷ್ಟೇ. ಮಾರನೆಯ ದಿನಕ್ಕೆ ಉಳಿದರೆ ಕಾಳು ಬಿಡಿಸಿ ಗಂಜಿಯಂಥ ಸೂಪಿಗೆ ಹಾಕುತ್ತೇನೆ. ಆಗ ಪಿಷ್ಟ ದೋಷವಾಗಿ ಉಳಿಯುವುದಿಲ್ಲ, ಸೂಪನ್ನು ಗಟ್ಟಿ ಮಾಡುವ ಉಪಕಾರಿಯಾಗುತ್ತದೆ.

ವಾರದ ಅಡುಗೆಯ ಕ್ರಮವೂ ಇಲ್ಲಿಂದಲೇ ಹುಟ್ಟುತ್ತದೆ. ಮೊದಲ ದಿನ ಬಟಾಣಿ, ಜೋಳ, ಎಳೆ ಸೊಪ್ಪು. ಆಮೇಲೆ ಹುರುಳಿಕಾಯಿ, ಬ್ರೊಕೊಲಿ, ಬದನೆ, ಸೌತೆ. ವಾರದ ಕೊನೆಗೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಗಡ್ಡೆಗಳು. ಇದನ್ನು ಯಾರಾದರೂ ಶಿಸ್ತು ಎಂದು ಕರೆದರೆ ನನಗೆ ನಗು ಬರುತ್ತದೆ. ಮೊದಲು ಹಸಿದವರಿಗೆ ಮೊದಲು ಬಡಿಸಿದ ಹಾಗೆ ಇದು. ವಿಶೇಷ ಬುದ್ಧಿಯೇನೂ ಬೇಡ.

ಇಂಥ ಸಂತೆಗಳು ಹುಟ್ಟಿದ್ದು ರುಚಿಗಾಗಿ ಅಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಸಿಯಾಟಲ್ ನಗರದ ಪೈಕ್ ಪ್ಲೇಸ್ ಮಾರುಕಟ್ಟೆ 1907ರ ಆಗಸ್ಟ್ 17ರಂದು ಆರಂಭವಾದದ್ದರ ಹಿಂದೆ ಇದ್ದದ್ದು ಈರುಳ್ಳಿಯ ಬೆಲೆ ವಿಪರೀತ ಏರಿದ್ದರ ಸಿಟ್ಟು. ನಡುವಿನ ವ್ಯಾಪಾರಿಗಳು ಹಣ ನುಂಗುತ್ತಿದ್ದಾರೆ, ಬೆಳೆದವರೂ ತಿನ್ನುವವರೂ ನೇರವಾಗಿ ಭೇಟಿಯಾಗಲಿ ಎಂಬುದು ಯೋಚನೆ. ನ್ಯೂಯಾರ್ಕಿನಲ್ಲಿ 1976ರಲ್ಲಿ ಆರಂಭವಾದ ಗ್ರೀನ್‌ಮಾರ್ಕೆಟ್ ಎಂಬ ರೈತರ ಸಂತೆ ಒಂದು ಹೆಜ್ಜೆ ಮುಂದೆ ಹೋಗಿ, ಮಾರುವವರು ತಾವೇ ಬೆಳೆದದ್ದನ್ನು ಮಾತ್ರ ಮಾರಬೇಕು ಎಂಬ ನಿಯಮ ಇಟ್ಟುಕೊಂಡಿತು. ನಡುವಿನ ಕೊಂಡಿ ಕಳಚಿದಾಗ ಹಣ ಉಳಿಯಿತೋ ಇಲ್ಲವೋ ಎಂಬುದು ಅರ್ಥಶಾಸ್ತ್ರಜ್ಞರ ಜಗಳ. ಅಡುಗೆಯವರಿಗೆ ಉಳಿದದ್ದು ಗೋದಾಮಿನ ಮೂರು ನಾಲ್ಕು ದಿನ.

ಆ ನಿಯಮ ಎಲ್ಲ ಸಂತೆಗಳಲ್ಲೂ ಇರುವುದಿಲ್ಲ. ಸಗಟು ಮಾರುಕಟ್ಟೆಯಿಂದ ತಂದದ್ದನ್ನೇ ಬೆತ್ತದ ಬುಟ್ಟಿಗೆ ಸುರಿದು ಕೂರುವವರು ಎಲ್ಲ ಕಡೆಯೂ ಇದ್ದಾರೆ. ಒಬ್ಬರೇ ಮಾರುವವರ ಮುಂದೆ ಎಲ್ಲ ಬಗೆಯ ತರಕಾರಿಯೂ, ಎಲ್ಲವೂ ಒಂದೇ ಅಳತೆಯಲ್ಲಿ, ವರ್ಷವಿಡೀ ಇದ್ದರೆ ನನಗೆ ಅನುಮಾನ. ನಾಲ್ಕೇ ಬಗೆ ಇಟ್ಟುಕೊಂಡು, ಅದರಲ್ಲಿ ಒಂದನ್ನು ಬೆಟ್ಟದಂತೆ ರಾಶಿ ಹಾಕಿರುವವರ ಬಳಿ ನಾನು ಮೊದಲು ಹೋಗುತ್ತೇನೆ. ರಾಶಿ ಬಿದ್ದದ್ದೇ ಆ ವಾರದ ಋತು. ಕೇಳುವ ಪ್ರಶ್ನೆ ಒಂದೇ: ಇದನ್ನು ಯಾವಾಗ ಕಿತ್ತಿರಿ? ಬೆಳೆದವರು ತಡವರಿಸದೆ ಉತ್ತರಿಸುತ್ತಾರೆ, ಹಲವು ಸಲ ಕೇಳದ ವಿವರಗಳನ್ನೂ ಸೇರಿಸುತ್ತಾರೆ, ಕೆಲವರು ‘ಇದು ಬೇಡ, ಮಳೆಯಲ್ಲಿ ನೆನೆದದ್ದು’ ಎಂದು ತಾವೇ ತಡೆಯುತ್ತಾರೆ. ಸಾವಯವವೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆ ಉತ್ತರದಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಉತ್ತರ ಸಿಗದಿದ್ದರೆ ತರಕಾರಿಯನ್ನೇ ಕೇಳಬಹುದು. ಕೊಯ್ದ ತೊಟ್ಟು ತೇವವಾಗಿದೆಯೋ ಒಣಗಿ ಕಂದಾಗಿದೆಯೋ ನೋಡಿ. ಹುರುಳಿಕಾಯಿ ಬಾಗಿದರೆ ಹಳೆಯದು, ಟಕ್ಕೆಂದು ಮುರಿದರೆ ಹೊಸದು. ಬಟಾಣಿಯ ಸಿಪ್ಪೆಗಳನ್ನು ಒಂದಕ್ಕೊಂದು ಉಜ್ಜಿದರೆ ಕಿರುಗುಟ್ಟಬೇಕು. ಬೆಂಡೆಯ ತುದಿಯನ್ನು ಮುರಿದು ನೋಡುವುದು ಕೊಳ್ಳುವವರಿಗೆ ಸಂತೋಷ, ಮಾರುವವರಿಗೆ ಸಂಕಟ. ಒಂದನ್ನು ಮುರಿದರೆ ಸಾಕು, ರಾಶಿಯನ್ನೆಲ್ಲ ಮುರಿದು ಹಾಕಬೇಡಿ. ಕ್ಯಾರೆಟ್ ಸೊಪ್ಪಿನ ಸಮೇತ ಸಿಕ್ಕರೆ ಸೊಪ್ಪೇ ಅದರ ವಯಸ್ಸು ಹೇಳುತ್ತದೆ, ಏಕೆಂದರೆ ಗಡ್ಡೆಗಿಂತ ಎಷ್ಟೋ ಮೊದಲು ಅದು ಬಾಡುತ್ತದೆ. ಮನೆಗೆ ತಂದೊಡನೆ ಆ ಸೊಪ್ಪನ್ನು ಕತ್ತರಿಸಿ ಬೇರೆ ಇಡಬೇಕು. ಹಾಗೇ ಬಿಟ್ಟರೆ ಎಲೆಗಳು ಗಡ್ಡೆಯ ನೀರನ್ನು ಎಳೆದು ಗಾಳಿಗೆ ಬಿಡುತ್ತಿರುತ್ತವೆ.

ಪಾಕವಿಧಾನಗಳಲ್ಲಿ ‘ಕಾಲು ಕಿಲೋ ಹುರುಳಿಕಾಯಿ’ ಎಂದು ಬರೆದಿರುತ್ತದೆ. ಯಾವ ಹುರುಳಿಕಾಯಿ? ಋತುವಿನ ಆರಂಭದಲ್ಲಿ ಬರುವುದು ಬೆರಳಿಗಿಂತ ಎಷ್ಟೋ ತೆಳು, ಒಳಗೆ ಬೀಜದ ಗುರುತೂ ಇರುವುದಿಲ್ಲ. ಅದನ್ನು ಧಾರಾಳ ಉಪ್ಪು ಹಾಕಿದ ಕುದಿನೀರಿಗೆ ಇಳಿಬಿಟ್ಟು ನಾಲ್ಕೈದು ನಿಮಿಷದಲ್ಲಿ ಬಸಿದು, ಎಣ್ಣೆ ಸವರಿದರೆ ಮುಗಿಯಿತು. ಋತುವಿನ ನಡುವೆ ಬರುವುದಕ್ಕೆ ಮಾಂಸಲ ಸಿಪ್ಪೆ, ಸಣ್ಣ ಬೀಜ. ಇದನ್ನು ಟೊಮೆಟೊ, ಬೆಳ್ಳುಳ್ಳಿ, ಎಣ್ಣೆಯೊಂದಿಗೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಮುಚ್ಚಿ ಬೇಯಿಸಬೇಕು. ಬಣ್ಣ ಹೋಗುತ್ತದೆ, ಹೋಗಲಿ. ಹಸಿರು ಉಳಿಯಲೇಬೇಕು ಎಂಬ ಹೋಟೆಲು ಅಡುಗೆಯವರ ಹಟ ನನಗೆ ಒಪ್ಪಿಗೆಯಿಲ್ಲ. ಮೆತ್ತಗೆ ಬೆಂದು ಕಂದುಹಸಿರಾದ ಹುರುಳಿಕಾಯಿಯ ರುಚಿಗೆ ಆಳ ಹೆಚ್ಚು. ಕೊನೆಕೊನೆಗೆ ಸಿಪ್ಪೆ ನಾರಾಗಿ, ಬೀಜ ಉಬ್ಬಿ, ನೋಡಲು ಯಾರಿಗೂ ಬೇಡವಾಗುತ್ತದೆ. ಜನ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಾನು ಆ ಕಾಯಿಗಳಿಗೇ ಕಾದಿರುತ್ತೇನೆ. ಸಿಪ್ಪೆ ಬಿಡಿಸಿ ಹಸಿ ಬೀಜಗಳನ್ನು ಮಾತ್ರ ಬೇಯಿಸಿದರೆ, ಒಣ ಕಾಳಿಗೆ ಬೇಕಾದ ರಾತ್ರಿಯ ನೆನೆಸುವಿಕೆ ಇಲ್ಲದೆ, ಬೆಣ್ಣೆಯಂಥ ಕಾಳು ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ: ಹುಳಿ ಯಾವುದೇ ಇರಲಿ, ಬೀಜ ಮೆತ್ತಗಾದ ಮೇಲೆ ಹಾಕಿ. ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಆಮ್ಲದಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮೊದಲೇ ಹುಳಿ ಬಿದ್ದರೆ ಎಷ್ಟು ಕುದಿಸಿದರೂ ಕಾಳು ಹಟ ಬಿಡದು.

ಬಟಾಣಿಗೂ ಇದೇ ವಯಸ್ಸಿನ ಕ್ರಮ. ಮೊದಲ ಬಟಾಣಿಯನ್ನು ಬಿಡಿಸುತ್ತ ಕೂತವರು ಅರ್ಧ ತಿಂದು ಮುಗಿಸುತ್ತಾರೆ, ಒಲೆಯವರೆಗೆ ಹೋಗುವುದು ಉಳಿದರ್ಧ. ಕಡೆಯ ಬಟಾಣಿ ಹಿಟ್ಟುಹಿಟ್ಟು. ಅದನ್ನು ಬೇಯಿಸಿ ಅರೆಯುವುದೇ ಸರಿ. ಹೊಸ ಆಲೂಗಡ್ಡೆಯ ಸಿಪ್ಪೆಯನ್ನು ಹೆಬ್ಬೆರಳಲ್ಲಿ ಉಜ್ಜಿ ತೆಗೆಯಬಹುದು, ನೀರಿನಂಶ ಹೆಚ್ಚು, ಬೆಂದರೂ ಆಕಾರ ಬಿಡುವುದಿಲ್ಲ. ಹೊಸ ಈರುಳ್ಳಿ ರಸಭರಿತ, ಹಸಿಯಾಗಿ ತಿನ್ನಲು ಚೆನ್ನ. ಆದರೆ ಕಂದು ಬಣ್ಣಕ್ಕೆ ಹುರಿಯಲು ಹೊರಟರೆ ಆ ನೀರೆಲ್ಲ ಆವಿಯಾಗುವವರೆಗೆ ಬಾಣಲೆಯ ಮುಂದೆ ನಿಲ್ಲಬೇಕು. ಅದಕ್ಕೆ ಒಣಗಿಸಿದ, ಕೊರಳು ಬಿಗಿದ ಹಳೆಯ ಈರುಳ್ಳಿಯೇ ಸರಿ. ಹೀಗೆ ಒಂದೇ ಹೆಸರಿನಡಿ ಮೂರು ನಾಲ್ಕು ಬೇರೆ ಬೇರೆ ಪದಾರ್ಥಗಳಿವೆ.

ಹೊಸತನ ಇದ್ದಾಗ ನೀರೂ ಬೆಂಕಿಯೂ ಕಡಿಮೆ ಸಾಕು. ಸೊಪ್ಪಿನ ಹಸಿರು ಹೋಗುವುದು ಹೇಗೆಂದು ಗೊತ್ತಿದ್ದರೆ ಅರ್ಧ ಕೆಲಸ ಹಗುರ: ಬೇಯುವಾಗ ಎಲೆಯೊಳಗಿನ ಆಮ್ಲ ಹೊರಬಂದು ಪತ್ರಹರಿತ್ತಿನ ನಡುವಿನ ಮೆಗ್ನೀಸಿಯಮ್ಮನ್ನು ಕಿತ್ತು ಹಾಕುತ್ತದೆ, ಹೊಳೆಯುವ ಹಸಿರು ಮಂಕಾಗುತ್ತದೆ. ಆದ್ದರಿಂದ ಹಸಿರು ಬೇಕೆಂದಾಗ ಮುಚ್ಚಳ ತೆಗೆದು, ಬೇಗ ಬೇಯಿಸಿ, ನಿಂಬೆಯನ್ನು ತಟ್ಟೆಗೆ ಬಡಿಸುವಾಗ ಹಿಂಡಬೇಕು. ಅಡುಗೆ ಸೋಡಾ ಹಾಕಿದರೆ ಬಣ್ಣ ಉಳಿಯುವುದು ನಿಜ, ಆದರೆ ಎಲೆ ಲೋಳೆಯಾಗುತ್ತದೆ. ಸೋಡಾ ಬೇಡವೇ ಬೇಡ.

ಟೊಮೆಟೊ ಬಗ್ಗೆ ಸ್ವಲ್ಪ ನಿಲ್ಲಬೇಕು. ಎಲ್ಲ ಕಾಲದಲ್ಲೂ ಸಿಗುವುದು, ಆದರೆ ಟೊಮೆಟೊದಂತೆ ರುಚಿಸುವುದು ವರ್ಷದ ಕೆಲವೇ ವಾರ. ಇದಕ್ಕೆ ದೂರದ ಸಾಗಣೆಯೊಂದೇ ಕಾರಣವಲ್ಲ. ಬಲಿಯದ ಕಾಯಿ ಒಂದೇ ಸಮ ತಿಳಿಹಸಿರಾಗಿದ್ದರೆ ಯಾವಾಗ ಕೀಳಬೇಕೆಂದು ತಿಳಿಯುವುದು ಸುಲಭವೆಂದು ತಳಿಗಾರರು ದಶಕಗಳಿಂದ ಅಂಥ ಗಿಡಗಳನ್ನೇ ಆರಿಸುತ್ತ ಬಂದರು. ತೊಟ್ಟಿನ ಸುತ್ತ ಕಡುಹಸಿರು ಭುಜವಿರುವ ಹಳೆಯ ಬಗೆಗಳು ಹಿಂದೆ ಬಿದ್ದವು. ಆ ಹಸಿರು ಭುಜವನ್ನು ಉಂಟುಮಾಡುವ ಜೀನ್ ಕಾಯಿಯೊಳಗೇ ಸಕ್ಕರೆ ತಯಾರಿಸಲು ನೆರವಾಗುತ್ತಿತ್ತೆಂದೂ, ಏಕರೂಪದ ತಳಿಗಳಲ್ಲಿ ಅದು ಕೆಟ್ಟಿದೆಯೆಂದೂ 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅಂದಿನಿಂದ ಹೆಗಲು ಹಸಿರಾದ, ಸೊಟ್ಟಗಿರುವ, ಅಲ್ಲಲ್ಲಿ ಸೀಳಿದ ಟೊಮೆಟೊ ಕಂಡರೆ ನನಗೆ ಗೌರವ. ಸೀಳಿದ್ದನ್ನು ಅಂದೇ ಬಳಸಬೇಕು, ಅಷ್ಟೇ.

ಟೊಮೆಟೊವನ್ನು ಫ್ರಿಜ್ಜಿನಲ್ಲಿ ಇಡಬಾರದೆಂಬ ಮಾತಿಗೂ ಆಧಾರವಿದೆ. ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಹಣ್ಣಾದ ಟೊಮೆಟೊಗಳನ್ನು ಐದು ಡಿಗ್ರಿಯಲ್ಲಿ ಒಂದು ವಾರ ಇಟ್ಟು ನೋಡಿದರು. ಸುವಾಸನೆಯ ಸಂಯುಕ್ತಗಳನ್ನು ತಯಾರಿಸುವ ಜೀನ್‌ಗಳು ಮಂಕಾಗಿದ್ದವು, ಮತ್ತೆ ಹೊರಗೆ ತಂದರೂ ಕೆಲವು ಚೇತರಿಸಿಕೊಳ್ಳಲಿಲ್ಲ. ಸಕ್ಕರೆ ಮತ್ತು ಹುಳಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2016ರ ಈ ಫಲಿತಾಂಶವನ್ನು ನಾಲಿಗೆ ಮೊದಲೇ ಊಹಿಸಿತ್ತು. ಇನ್ನು ಬೀಜದ ಸುತ್ತಲಿನ ಲೋಳೆ. ‘ಬೀಜ ತೆಗೆದು ಹೆಚ್ಚಿ’ ಎಂಬ ಸೂಚನೆಯನ್ನು ನಾನು ಪಾಲಿಸುವುದೇ ಇಲ್ಲ. ಜಪಾನಿನ ಕಿಕುನೇ ಇಕೆಡಾ 1908ರಲ್ಲಿ ಕಡಲಕಳೆಯ ಸಾರದಿಂದ ಬೇರ್ಪಡಿಸಿದ ಗ್ಲುಟಮೇಟ್, ಅಂದರೆ ನಾಲಿಗೆಗೆ ತುಂಬುರುಚಿ ಕೊಡುವ ಅಂಶ, ಟೊಮೆಟೊದ ಹೊರತಿರುಳಿಗಿಂತ ಈ ಲೋಳೆಯಲ್ಲಿ ಹೆಚ್ಚು ಎಂದು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2007ರಲ್ಲಿ ಹೇಳಿದೆ. ಅದನ್ನು ತೆಗೆದೆಸೆದು ಆಮೇಲೆ ರುಚಿ ಸಾಲದೆಂದು ಅದೇ ಗ್ಲುಟಮೇಟಿನ ಪುಡಿ ಸುರಿಯುವುದು ಎಂಥ ಅಡುಗೆ?

ತರಕಾರಿಗಳನ್ನು ಒಟ್ಟಿಗೆ ತುಂಬಿಡುವುದರಲ್ಲೂ ಜಗಳಗಳಿವೆ. ರಷ್ಯಾದ ದಿಮಿತ್ರಿ ನೆಲ್ಯುಬೋವ್ 1901ರಲ್ಲಿ, ದೀಪದ ಅನಿಲ ಸೋರುತ್ತಿದ್ದ ಪ್ರಯೋಗಾಲಯದಲ್ಲಿ ಬಟಾಣಿಯ ಮೊಳಕೆಗಳು ಅಡ್ಡಾದಿಡ್ಡಿ ಬೆಳೆಯಲು ಅದರಲ್ಲಿದ್ದ ಎಥಿಲೀನ್, ಅಂದರೆ ಕಾಯಿಗಳನ್ನು ಮಾಗಿಸುವ ಅನಿಲ, ಕಾರಣವೆಂದು ಕಂಡುಹಿಡಿದರು. ಮಾಗುವ ಹಣ್ಣು ಈ ಅನಿಲವನ್ನು ತಾನೇ ತಯಾರಿಸುತ್ತದೆಂದು 1934ರಲ್ಲಿ ಸಾಬೀತಾಯಿತು. ಸೇಬು, ಬಾಳೆಹಣ್ಣು, ಮಾಗಿದ ಟೊಮೆಟೊಗಳ ಪಕ್ಕದಲ್ಲಿ ಬ್ರೊಕೊಲಿಯನ್ನೋ ಸೊಪ್ಪನ್ನೋ ಇಟ್ಟರೆ ಬೇಗ ಹಳದಿಯಾಗುವುದು ಇದರಿಂದ. ಕ್ಯಾರೆಟ್ ಕಹಿಯಾಗುವುದೂ ಹೌದು. ಬಾಳೆ, ಮಾವು, ಪೇರ್‌ಗಳನ್ನು ತುಸು ಕಾಯಾಗಿಯೇ ಕೊಂಡರೂ ಮನೆಯಲ್ಲಿ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಸ್ಟ್ರಾಬೆರಿ ಹಾಗಲ್ಲ, ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಅವನ್ನು ಒಂದು ತಿಂದು ನೋಡಿಯೇ ಕೊಳ್ಳಬೇಕು, ನಾಚಿಕೆ ಬೇಡ.

ಚಳಿಯ ತರಕಾರಿಗಳಿಗೆ ಈ ಅವಸರವೆಲ್ಲ ಇಲ್ಲ. ಹೊಲದಲ್ಲಿ ಚಳಿ ತಿಂದ ಕ್ಯಾರೆಟ್, ಪಾಲಕ್, ಕೇಲ್ ಸೊಪ್ಪು ಸಿಹಿಯಾಗುತ್ತವೆ, ಏಕೆಂದರೆ ಕೋಶಗಳೊಳಗಿನ ನೀರು ಹೆಪ್ಪುಗಟ್ಟದಂತೆ ಅವು ಸಕ್ಕರೆ ಕೂಡಿಸಿಕೊಳ್ಳುತ್ತವೆ. ಆಲೂಗಡ್ಡೆಗೆ ಇದೇ ಗುಣ ಅಡುಗೆಮನೆಯಲ್ಲಿ ಶಾಪ. ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗುತ್ತದೆ, ಆಕ್ರಿಲಮೈಡ್ ಎಂಬ ಹಾನಿಕರ ರಾಸಾಯನಿಕ ಕೂಡ ಹೆಚ್ಚು ಉಂಟಾಗುತ್ತದೆ. ಅದಕ್ಕೆ ಬೇಕಿರುವುದು ತಂಪಾದ ಕತ್ತಲೆ.

ಋತುಮಾನದ ಅಡುಗೆಯ ನಿಜವಾದ ಪರೀಕ್ಷೆ ಕೊರತೆಯಲ್ಲಲ್ಲ, ಅತಿಯಲ್ಲಿ. ಬದನೆಯ ಕಾಲವೆಂದರೆ ವಾರಗಟ್ಟಲೆ ಬದನೆ. ಮನೆಯವರು ಮುಖ ತಿರುಗಿಸುವಷ್ಟು ಬದನೆ. ಇದನ್ನು ಯಾರೂ ಹೇಳುವುದಿಲ್ಲ. ಬೇರೆ ಬೇರೆ ಮಸಾಲೆ ಹಾಕಿ ವೇಷ ಬದಲಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ, ನಾಲಿಗೆ ಗುರುತು ಹಿಡಿಯುತ್ತದೆ. ಬದಲಿಸಬೇಕಾದದ್ದು ಮೈಕಟ್ಟನ್ನು: ಒಂದು ದಿನ ಸುಟ್ಟು ಹಿಸುಕಿದ್ದು, ಇನ್ನೊಂದು ದಿನ ತೆಳ್ಳಗೆ ಕೊಯ್ದು ಗರಿಗರಿಯಾಗಿ ಹುರಿದದ್ದು, ಮತ್ತೊಂದು ದಿನ ಎಣ್ಣೆಯಲ್ಲಿ ಕರಗುವವರೆಗೆ ಬಾಡಿಸಿದ್ದು. ಆಮೇಲೂ ಉಳಿದರೆ ಕೂಡಿಡುವ ಕೆಲಸ. ಎಲೆಕೋಸನ್ನು ಸಣ್ಣಗೆ ಹೆಚ್ಚಿ, ತೂಕದ ಶೇಕಡಾ ಎರಡರಷ್ಟು, ಅಂದರೆ ಕಿಲೋಗೆ 20 ಗ್ರಾಂ ಉಪ್ಪು ಹಾಕಿ ಹಿಸುಕಿ, ಅದು ಬಿಟ್ಟ ನೀರಿನಲ್ಲೇ ಮುಳುಗಿಸಿಟ್ಟರೆ ಎಲೆಯ ಮೇಲೆ ಮೊದಲೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಹುಳಿ ಬರಿಸುತ್ತವೆ. ಗಾಳಿಗೆ ತೆರೆದುಕೊಂಡ ಚೂರು ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಮೇಲೊಂದು ಭಾರ ಇಡಬೇಕು. ಟೊಮೆಟೊವನ್ನು ಶೀಷೆಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಇಡುವವರು ನಿಂಬೆರಸ ಸೇರಿಸುವುದನ್ನು ಮರೆಯಬಾರದು. ಬೊಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ 4.6ಕ್ಕಿಂತ ಕಡಿಮೆ ಪಿಎಚ್‌ನಲ್ಲಿ ಬೆಳೆಯುವುದಿಲ್ಲ (ಹುಳಿ ಹೆಚ್ಚಿದಷ್ಟೂ ಪಿಎಚ್ ಕಡಿಮೆ), ಮತ್ತು ಟೊಮೆಟೊದ ಪಿಎಚ್ ಕೆಲವೊಮ್ಮೆ ಆ ಗೆರೆಗಿಂತ ಮೇಲೂ ಇರುತ್ತದೆ. ಅದೇ ಕಾರಣಕ್ಕೆ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಅಭ್ಯಾಸವಂತೂ ಅಪಾಯಕಾರಿ.

ಶೈತ್ಯೀಕರಿಸಿದ ಬಟಾಣಿಯನ್ನು ಕೀಳಾಗಿ ಕಾಣುವವರೊಂದಿಗೆ ನನಗೆ ಸಹಮತವಿಲ್ಲ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಅವರ ವೇಗದ ಶೈತ್ಯೀಕರಣದ ಪದಾರ್ಥಗಳು 1930ರಲ್ಲಿ ಮಸಾಚುಸೆಟ್ಸ್‌ನ ಅಂಗಡಿಗಳಿಗೆ ಬಂದಾಗ ಅವುಗಳಲ್ಲಿ ಬಟಾಣಿಯೂ ಇತ್ತು. ಕಿತ್ತ ಕೆಲವೇ ಗಂಟೆಗಳಲ್ಲಿ ಕುದಿನೀರಿಗೆ ಹಾಕಿ ತೆಗೆದು ಹೆಪ್ಪುಗಟ್ಟಿಸಿದ ಬಟಾಣಿಯ ಗಡಿಯಾರ ಅಲ್ಲಿಗೇ ನಿಂತಿರುತ್ತದೆ. ಸಂತೆಯಲ್ಲಿ ಮೂರು ದಿನದ ಬಟಾಣಿ ಸಿಕ್ಕರೆ ನಾನು ಶೈತ್ಯೀಕರಿಸಿದ್ದನ್ನೇ ಆರಿಸುತ್ತೇನೆ. ಮನೆಯಲ್ಲೇ ಮಾಡುವುದಾದರೂ ಆ ಕುದಿನೀರಿನ ಮುಳುಗು ಬಿಡುವಂತಿಲ್ಲ. ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತ ರುಚಿ ಕೆಡಿಸುತ್ತವೆ.

ಹತ್ತಿರದ್ದನ್ನು ಕೊಂಡರೆ ಭೂಮಿ ಉಳಿಯುತ್ತದೆ ಎಂಬ ವಾದವನ್ನೂ ನಾನು ಅಷ್ಟಾಗಿ ಎತ್ತುವುದಿಲ್ಲ. ಅಮೆರಿಕದ ಆಹಾರದ ಬಗ್ಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು 2008ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಒಟ್ಟು ಪಾಲು ಶೇಕಡಾ 11, ಉತ್ಪಾದಕರಿಂದ ಅಂಗಡಿಗೆ ತಲುಪಿಸುವ ಹಂತದ್ದು ಶೇಕಡಾ 4. ಉಳಿದದ್ದರ ಬಹುಪಾಲು ಬೆಳೆಯುವಾಗಲೇ ಆಗುವಂಥದ್ದು. ನಾನು ಸಂತೆಗೆ ಹೋಗುವುದು ನಾಲಿಗೆಯ ಸ್ವಾರ್ಥಕ್ಕೆ. ಅದಕ್ಕೆ ಪುಣ್ಯದ ಲೇಪ ಬೇಕಿಲ್ಲ.

ಈಚೆಗೆ ನನ್ನ ಅಡುಗೆ ಪುಸ್ತಕದಲ್ಲಿ ಅಳತೆಗಳನ್ನು ಬರೆಯುವುದು ಕಡಿಮೆಯಾಗಿದೆ. ಪ್ರತಿ ಪುಟದ ಮೇಲೆ ತಿಂಗಳು, ತರಕಾರಿಯ ವಯಸ್ಸು, ಅದು ಬಿಟ್ಟ ನೀರು, ತೆಗೆದುಕೊಂಡ ಹೊತ್ತು ಇಷ್ಟನ್ನು ಗುರುತು ಹಾಕುತ್ತೇನೆ. ಮುಂದಿನ ವರ್ಷ ಅದೇ ತರಕಾರಿ ಬಂದಾಗ ತೆರೆದು ನೋಡಿದರೆ ಅರ್ಧ ಹೊಂದುತ್ತದೆ, ಅರ್ಧ ಹೊಂದುವುದಿಲ್ಲ; ಮಳೆ ಬೇರೆ, ಬಿಸಿಲು ಬೇರೆ, ಕೆಲವೊಮ್ಮೆ ಬೀಜವೇ ಬೇರೆ. ಆಗ ಹಳೆಯ ಸಾಲನ್ನು ಹೊಡೆದುಹಾಕದೆ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ. ಹುರುಳಿಕಾಯಿಯ ಪುಟದಲ್ಲಿ ಈಗ ಬರೆಯಲು ಜಾಗವಿಲ್ಲದೆ ಅಂಚಿನಲ್ಲಿ ಬರೆಯತೊಡಗಿದ್ದೇನೆ.